ಬೆಟ್ಟದ ಮೇಲೆ ಎಂಟು ಕಾಲಿನ ಇರುವೆ

ದೇವರಾಯನದುರ್ಗಕ್ಕೆ ಹೋದವರೆಲ್ಲ ದೂರ ನೋಡುತ್ತಾರೆ. ಕೆಳಗೆ ಭೋಗನರಸಿಂಹನಿಗೆ ಕೈಮುಗಿದು, ಮೆಟ್ಟಿಲು ಹತ್ತಿ ಮೇಲೆ ಯೋಗನರಸಿಂಹನ ದರ್ಶನ ಮಾಡಿಕೊಂಡು, ಬಂಡೆಯ ಮೇಲೆ ನಿಂತು ‘ಅದೋ ಅಲ್ಲಿ ಕಾಣೋದು ತುಮಕೂರು’ ಎಂದು ಬೆರಳು ಮಾಡಿ ತೋರಿಸುತ್ತಾರೆ. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದ ಜಾಗ. ದೂರ ನೋಡಬೇಕೆನಿಸುವುದು ಸಹಜವೇ.

ಕಳೆದ ದಸರಾ ರಜೆಯಲ್ಲಿ ನಾವೂ ಆ ಕಡೆ ಹೋಗಿದ್ದೆವು. ಎಂಟು ಮತ್ತು ಒಂಬತ್ತನೇ ತರಗತಿಯ ಹನ್ನೊಂದು ಮಕ್ಕಳು, ಇಬ್ಬರು ಪೋಷಕರು, ಜೊತೆಗೆ ವಿಜ್ಞಾನದ ಮೇಷ್ಟ್ರಾದ ನಾನು. ಬೆಳಿಗ್ಗೆ ಆರೂಕಾಲರಿಂದ ಹನ್ನೊಂದರವರೆಗೆ ನಾವು ನಡೆದ ದೂರ ಹೆಚ್ಚೆಂದರೆ ಮುನ್ನೂರು ಮೀಟರ್. ಒಂದೊಂದು ಗಿಡದ ಮುಂದೆ ಮಂಡಿಯೂರಿ ಕೂತು, ಬೆರಳಿನ ಉಗುರಿಗಿಂತ ದೊಡ್ಡದಲ್ಲದ ಸಂಗತಿಗಳನ್ನು ನೋಡುವುದೇ ನಮ್ಮ ಕೆಲಸವಾಗಿತ್ತು. ದಾರಿಯಲ್ಲಿ ಹೋಗುತ್ತಿದ್ದ ಭಕ್ತರೊಬ್ಬರು ನಿಂತು, ‘ಏನಾದ್ರೂ ಕಳ್ಕೊಂಡ್ರಾ ಸ್ವಾಮಿ?’ ಎಂದು ಕಳಕಳಿಯಿಂದ ವಿಚಾರಿಸಿದರು. ‘ಇಲ್ಲ, ಹುಳ ನೋಡ್ತಾ ಇದೀವಿ’ ಎಂದೆ. ಅವರು ನನ್ನನ್ನೊಮ್ಮೆ, ಮಕ್ಕಳನ್ನೊಮ್ಮೆ ನೋಡಿ ಮುಂದೆ ನಡೆದರು.

ಹೂವು, ಕೀಟಗಳಂಥ ಚಿಕ್ಕ ವಸ್ತುಗಳನ್ನು ತೀರ ಹತ್ತಿರದಿಂದ ದೊಡ್ಡದಾಗಿ ಚಿತ್ರಿಸುವುದಕ್ಕೆ ಮ್ಯಾಕ್ರೋ ಫೋಟೋಗ್ರಫಿ ಎನ್ನುತ್ತಾರೆ. ಅದರ ಮೊದಲ ಪಾಠಕ್ಕಾಗಿ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಅಂದಿನ ಒಂದು ಪಾಠ ಮಾತ್ರ ನನಗೇ ಆಯಿತು. ಅದನ್ನು ಹೇಳಬೇಕೆಂದರೆ ನಮ್ಮ ಶಾಲೆಯ ಪ್ರಯೋಗಾಲಯದಿಂದ ಆರಂಭಿಸಬೇಕು.

ಗೋಡೆಯ ಮೇಲಿನ ಚಿಟ್ಟೆ

ನಮ್ಮ ಪ್ರಯೋಗಾಲಯದ ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಚಿಟ್ಟೆಯ ಚಿತ್ರವಿದೆ. ಎಕ್ಕದ ಹೂವಿನ ಮೇಲೆ ಕೂತ ಕಿತ್ತಳೆ ಬಣ್ಣದ ಚಿಟ್ಟೆ. ರೆಕ್ಕೆಯ ಅಂಚು ಕಪ್ಪು, ಅದರಲ್ಲಿ ಬಿಳಿ ಚುಕ್ಕಿಗಳು. ಇಂಗ್ಲಿಷಿನಲ್ಲಿ ಇದಕ್ಕೆ ಪ್ಲೇನ್ ಟೈಗರ್ ಎಂದು ಹೆಸರು. ಇದರ ಮರಿಹುಳುಗಳು ಎಕ್ಕದ ಎಲೆಯನ್ನೇ ತಿಂದು ಬೆಳೆಯುತ್ತವೆ. ಆ ಹಾಲಿನ ವಿಷವನ್ನು ಮೈಯಲ್ಲಿ ಇಟ್ಟುಕೊಳ್ಳುವುದರಿಂದ ಹಕ್ಕಿಗಳು ಈ ಚಿಟ್ಟೆಯ ತಂಟೆಗೆ ಅಷ್ಟಾಗಿ ಬರುವುದಿಲ್ಲ. ಚಿತ್ರ ತೆಗೆದವನು ನಾನೇ, 2003ರಲ್ಲಿ. ಒಂದು ಪ್ರದರ್ಶನದಲ್ಲಿ ಅದಕ್ಕೆ ಪ್ರಥಮ ಬಹುಮಾನವೂ ಬಂದಿತ್ತು. ಚಿತ್ರದ ಪಕ್ಕದಲ್ಲಿ ಆ ಪ್ರಶಸ್ತಿ ಪತ್ರವೂ ಇತ್ತು.

ಕಳೆದ ವರ್ಷ ಸಂಧಿಪದಿಗಳ ಪಾಠ ಮಾಡುತ್ತಿದ್ದಾಗ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು.

‘ಸಾರ್, ಕೀಟಕ್ಕೆ ಆರು ಕಾಲು ಅಂದ್ರಿ. ಗೋಡೆ ಮೇಲಿರೋ ಚಿಟ್ಟೆಗೆ ನಾಲ್ಕೇ ಇದೆ.’

ನನಗೆ ಖುಷಿಯಾಯಿತು. ಇಪ್ಪತ್ತು ವರ್ಷಗಳಲ್ಲಿ ಎಷ್ಟೋ ಮಕ್ಕಳು ಆ ಚಿತ್ರ ನೋಡಿದ್ದಾರೆ, ಕಾಲು ಎಣಿಸಿದವರಿಲ್ಲ. ಈ ಕುಟುಂಬದ ಚಿಟ್ಟೆಗಳಿಗೂ ಕಾಲು ಆರೇ, ಆದರೆ ಮುಂದಿನ ಜೊತೆ ತೀರ ಚಿಕ್ಕದಾಗಿ ಎದೆಗೆ ಒತ್ತಿಕೊಂಡಿರುತ್ತದೆ, ನಡೆಯಲು ಬಳಸುವುದಿಲ್ಲ ಎಂದು ವಿವರಿಸಿದೆ. ಅವಳು ಕೂರಲಿಲ್ಲ.

‘ಆ ನಾಲ್ಕರಲ್ಲಿ ಎರಡು ಹೂವನ್ನ ಹಿಡ್ಕೊಂಡೇ ಇಲ್ವಲ್ಲ ಸಾರ್. ಗಾಳೀಲಿವೆ. ಅದು ಹೆಂಗೆ ಕೂತಿದೆ?’

ಅಷ್ಟರಲ್ಲಿ ಗಂಟೆ ಹೊಡೆಯಿತು. ‘ನಾಳೆ ನೋಡೋಣ’ ಎಂದೆ. ಆ ನಾಳೆ ಬರಲಿಲ್ಲ. ಬರದಂತೆ ನಾನೇ ನೋಡಿಕೊಂಡೆ.

ಭೂತಗನ್ನಡಿಯೇ ಬಂಡವಾಳ

ಅದೇ ತರಗತಿಯ ಮಕ್ಕಳು ‘ನಮಗೂ ಇಂಥ ಫೋಟೋ ತೆಗೆಯೋದು ಹೇಳ್ಕೊಡಿ ಸಾರ್’ ಎಂದು ಗಂಟುಬಿದ್ದರು. ನಾನು ಕಲಿತ ಕಾಲಕ್ಕೂ ಈಗಿನದಕ್ಕೂ ಬಹಳ ಅಂತರವಿದೆ. 1998ರಲ್ಲಿ ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್ ಪೆಂಟಾಕ್ಸ್ ಕೆ-1000 ಕ್ಯಾಮರಾ, 50 ಮಿಲಿಮೀಟರ್ ಲೆನ್ಸ್ ಸಮೇತ. ಮ್ಯಾಕ್ರೋ ಲೆನ್ಸ್ ಕೊಳ್ಳುವ ಶಕ್ತಿ ಇರಲಿಲ್ಲ. ಹಳೆಯ ಫಿಲ್ಟರಿನ ಬಳೆಯೊಂದನ್ನು ಕ್ಯಾಮರಾದ ಮುಚ್ಚಳಕ್ಕೆ ಅಂಟಿಸಿ, ಮುಚ್ಚಳದ ನಡುವೆ ತೂತು ಕೊರೆದು, ಲೆನ್ಸನ್ನು ಹಿಂದುಮುಂದಾಗಿ ತಿರುಗಿಸಿ ಸಿಕ್ಕಿಸಿದೆ. ಹೀಗೆ ತಿರುಗಿಸಿದ ಮಾಮೂಲಿ ಲೆನ್ಸು ಹೆಚ್ಚುಕಡಿಮೆ ವಸ್ತುವಿನಷ್ಟೇ ದೊಡ್ಡ ಬಿಂಬವನ್ನು ಫಿಲ್ಮಿನ ಮೇಲೆ ಮೂಡಿಸುತ್ತದೆ. ಇದಕ್ಕೇ ಒಂದಕ್ಕೊಂದು ಅನುಪಾತ ಎನ್ನುವುದು. ಸೆಂಟಿಮೀಟರ್ ಉದ್ದದ ಇರುವೆಯ ಬಿಂಬವೂ ಸೆಂಟಿಮೀಟರ್ ಉದ್ದ. ಒಂದು ರೋಲಿನಲ್ಲಿ 36 ಚಿತ್ರ. ತೊಳೆಸಿ ಪ್ರಿಂಟ್ ಹಾಕಿಸಿ ನೋಡಿದರೆ ಎರಡೋ ಮೂರೋ ನೆಟ್ಟಗಿರುತ್ತಿದ್ದವು. ಉಳಿದವು ಸಂಬಳದ ಲೆಕ್ಕ.

ಈಗ ಆ ಕಷ್ಟವಿಲ್ಲ. ಮನೆಯಲ್ಲಿರುವ ಮೊಬೈಲಿನಿಂದಲೇ ಆರಂಭಿಸಬಹುದು. ಅದರ ಮುಂದೆ ಸಿಕ್ಕಿಸುವ ಪುಟ್ಟ ಮ್ಯಾಕ್ರೋ ಲೆನ್ಸುಗಳು ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಅದೂ ಬೇಡವೆಂದರೆ ಶಾಲೆಯ ಭೂತಗನ್ನಡಿ ಸಾಕು. ಮೊದಲು ಅದರ ಸಂಗಮದೂರ ಕಂಡುಕೊಳ್ಳಿ. ಕಿಟಕಿಯಾಚೆಗಿನ ದೂರದ ಮರದ ಬಿಂಬವನ್ನು ಎದುರಿನ ಬಿಳಿ ಹಾಳೆಯ ಮೇಲೆ ಮೂಡಿಸಿ, ಮಸೂರದಿಂದ ಹಾಳೆಗೆ ಇರುವ ದೂರವನ್ನು ಅಳೆಯಿರಿ. ಹತ್ತು ಸೆಂಟಿಮೀಟರ್ ಬಂದರೆ ಮಸೂರದ ಸಾಮರ್ಥ್ಯ 10 ಡಯಾಪ್ಟರ್. ಆ ಭೂತಗನ್ನಡಿಯನ್ನು ಮೊಬೈಲಿನ ಲೆನ್ಸಿಗೆ ಒತ್ತಿ ಹಿಡಿದು, ಹೂವನ್ನು ಅಷ್ಟೇ ದೂರದಲ್ಲಿ ಇರಿಸಿ. ಸಂಗಮದಲ್ಲಿರುವ ವಸ್ತುವಿನಿಂದ ಹೊರಟ ಕಿರಣಗಳು ಮಸೂರ ದಾಟಿದ ಮೇಲೆ ಸಮಾಂತರವಾಗುತ್ತವೆ. ಮೊಬೈಲಿನ ಕ್ಯಾಮರಾ ಅದನ್ನು ದೂರದ ವಸ್ತುವೆಂದೇ ತಿಳಿದು ಸುಲಭವಾಗಿ ಫೋಕಸ್ ಮಾಡುತ್ತದೆ. ಹತ್ತನೇ ತರಗತಿಯಲ್ಲಿ ಕಿರಣಚಿತ್ರ ಬರೆದು ಬರೆದು ಬೇಸತ್ತವರಿಗೆ, ಆ ಗೆರೆಗಳಿಂದ ಏನು ಉಪಯೋಗ ಎಂಬುದಕ್ಕೆ ಇದೇ ಉತ್ತರ.

ಒಂದು ಎಚ್ಚರಿಕೆ. ಎರಡು ಬೆರಳಿನಿಂದ ಪರದೆಯನ್ನು ಹಿಗ್ಗಿಸುವುದು ಮ್ಯಾಕ್ರೋ ಅಲ್ಲ. ಅದರಿಂದ ಇರುವ ಚುಕ್ಕಿಗಳೇ ದೊಡ್ಡದಾಗುತ್ತವೆ, ಹೊಸ ವಿವರವೇನೂ ಬರುವುದಿಲ್ಲ. ವಿವರ ಬೇಕೆಂದರೆ ನೀವೇ ಹತ್ತಿರ ಹೋಗಬೇಕು.

ಹೊರಡುವ ಹಿಂದಿನ ದಿನ ಆ ಹುಡುಗಿಯ ತಂದೆ ಶಾಲೆಗೆ ಬಂದರು. ಊರಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದಾರೆ. ‘ಸಾರ್, ಮೊಬೈಲ್ ಮುಟ್ಟಬೇಡ ಅಂತ ನಾವು ಬೆಳಿಗ್ಗೆ ಸಂಜೆ ಬಾಯಿ ಬಡ್ಕೋತೀವಿ. ನೀವು ನೋಡಿದ್ರೆ ತಗೊಂಡು ಬಾ ಅಂದಿದೀರಂತೆ.’ ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ‘ನೀವೂ ಬನ್ನಿ. ಮೊಬೈಲು ನಿಮ್ಮ ಜೇಬಲ್ಲೇ ಇರಲಿ. ಹುಳ ಸಿಕ್ಕಾಗ ಕೊಡಿ, ಆಮೇಲೆ ವಾಪಸ್ ಇಸ್ಕೊಳ್ಳಿ’ ಎಂದೆ. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಅವರು ಬಂದೇಬಿಟ್ಟರು.

ನಾಮದ ಚಿಲುಮೆಯ ಮುಂಜಾವು

ತುಮಕೂರಿನಿಂದ ದೇವರಾಯನದುರ್ಗಕ್ಕೆ ಸುಮಾರು ಹದಿನೈದು ಕಿಲೋಮೀಟರ್. ದಾರಿಯಲ್ಲೇ ನಾಮದ ಚಿಲುಮೆ ಸಿಗುತ್ತದೆ. ಬಂಡೆಯ ಬಿರುಕಿನಿಂದ ನೀರು ಒಸರುವ ತಾಣ. ನಾಮ ಇಟ್ಟುಕೊಳ್ಳಲು ನೀರಿಲ್ಲದಿದ್ದಾಗ ಶ್ರೀರಾಮ ಬಾಣ ಬಿಟ್ಟು ನೀರು ಚಿಮ್ಮಿಸಿದನೆಂದು ಸ್ಥಳಪುರಾಣ. ಜಯಮಂಗಲಿ ಮತ್ತು ಶಿಂಷಾ ನದಿಗಳು ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. ಬೆಟ್ಟಕ್ಕೆ ಮೊದಲು ಆನೆಬಿದ್ದಝರಿ ಎಂದೂ, ಆಮೇಲೆ ಜಡಕನೆಂಬ ಪಾಳೆಯಗಾರನಿಂದ ಜಡಕನದುರ್ಗವೆಂದೂ ಹೆಸರಿದ್ದು, ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡ ಮೇಲೆ ದೇವರಾಯನದುರ್ಗವಾಯಿತು.

ಇಷ್ಟನ್ನು ಟೆಂಪೋದಲ್ಲೇ ಹೇಳಿ ಮುಗಿಸಿದೆ. ಇಳಿದ ಮೇಲೆ ಮಾತು ಕಡಿಮೆ ಎಂಬುದು ನಮ್ಮ ಕರಾರು. ಅಷ್ಟು ಬೇಗ ಯಾಕೆ ಹೊರಡಬೇಕು ಎಂದು ಮಕ್ಕಳು ಹಿಂದಿನ ದಿನ ಕೇಳಿದ್ದರು. ಕೀಟಗಳು ಶೀತರಕ್ತ ಪ್ರಾಣಿಗಳು. ಅವುಗಳ ಮೈ ಬಿಸಿ ಸುತ್ತಲಿನ ಗಾಳಿಯನ್ನು ಅವಲಂಬಿಸಿರುತ್ತದೆ. ರಾತ್ರಿಯ ತಂಪಿಗೆ ಸ್ನಾಯುಗಳು ಜಡವಾಗಿ, ಬಿಸಿಲು ಬೀಳುವವರೆಗೆ ಅವು ಕೂತಲ್ಲೇ ಕೂತಿರುತ್ತವೆ. ಎಂಟು ಗಂಟೆಯ ಬಿಸಿಲಿಗೆ ನಾಲ್ಕು ಮಾರು ದೂರದಲ್ಲೇ ಹಾರಿಹೋಗುವ ಏರೋಪ್ಲೇನ್ ಚಿಟ್ಟೆ, ಆರೂವರೆಗೆ ಹುಲ್ಲುಕಡ್ಡಿಯ ಮೇಲೆ ಇಬ್ಬನಿ ಹೊತ್ತು ಕೂತಿರುತ್ತದೆ. ಮೂಗು ತಾಗುವಷ್ಟು ಹತ್ತಿರ ಹೋದರೂ ಕದಲುವುದಿಲ್ಲ. ಆ ದಿನ ಮಕ್ಕಳಿಗೆ ಸಿಕ್ಕ ಮೊದಲ ಚಿತ್ರ ಅದೇ. ಅದರ ಒಂದೊಂದು ಸಂಯುಕ್ತ ಕಣ್ಣಿನಲ್ಲಿ 28 ಸಾವಿರದವರೆಗೂ ಪುಟ್ಟ ಪುಟ್ಟ ಕಣ್ಣುಗಳಿರುತ್ತವೆ ಎಂದು ಪುಸ್ತಕದಲ್ಲಿ ಓದಿದ್ದ ಮಕ್ಕಳು, ಭೂತಗನ್ನಡಿ ಹಿಡಿದ ಮೊಬೈಲಿನಲ್ಲಿ ಜೇನುಗೂಡಿನ ನೆರಳಿನಂಥದ್ದೇನೋ ಕಂಡಾಗ ಬಾಯಿಬಿಟ್ಟು ನಿಂತರು.

ಕೀಟಕ್ಕಿಂತ ಮೊದಲು ಹೂವಿನ ಮೇಲೆ ಕೈ ಪಳಗಿಸುವುದು ಒಳ್ಳೆಯದು. ಹೂವು ಓಡಿಹೋಗುವುದಿಲ್ಲ. ದಾರಿಬದಿಯಲ್ಲಿ ತುಂಬೆ ಹೇರಳವಾಗಿತ್ತು. ತುಮಕೂರಿನ ಹೆಸರು ತುಂಬೆಯಿಂದಲೇ ಬಂದದ್ದೆಂದು ಕೆಲವರು, ಟಮಕಿಯೆಂಬ ವಾದ್ಯದಿಂದ ಬಂದದ್ದೆಂದು ಇನ್ನು ಕೆಲವರು ಹೇಳುತ್ತಾರೆ. ಆ ಪುಟ್ಟ ಬಿಳಿ ಹೂವನ್ನು ಹತ್ತಿರದಿಂದ ನೋಡಿದರೆ ಅದಕ್ಕೆ ಎರಡು ತುಟಿಗಳು. ಕೆಳತುಟಿ ಅಗಲವಾಗಿ ಚಾಚಿಕೊಂಡು, ಬರುವ ಜೇನ್ನೊಣಕ್ಕೆ ಇಳಿಯಲು ಜಗಲಿಯಾಗುತ್ತದೆ. ಮೇಲ್ತುಟಿ ರೋಮಗಳಿರುವ ಕೊಪ್ಪರಿಗೆಯಂತೆ ಬಾಗಿದ್ದು, ಅದರಡಿಯಲ್ಲಿ ಕೇಸರಗಳು ಅಡಗಿರುತ್ತವೆ. ನೊಣ ಮಕರಂದಕ್ಕೆಂದು ತಲೆ ತೂರಿಸಿದಾಗ ಪರಾಗ ಮೇಲಿನಿಂದ ಅದರ ಮೈಗೆ ಅಂಟುತ್ತದೆ. ನಮ್ಮೊಡನೆ ಬಂದಿದ್ದ ಇನ್ನೊಬ್ಬ ಪೋಷಕರು, ಹುಡುಗನೊಬ್ಬನ ತಾಯಿ, ಮಗನ ಕೈಯಿಂದ ಮೊಬೈಲು ಇಸ್ಕೊಂಡು ಬಹಳ ಹೊತ್ತು ನೋಡಿದರು. ‘ಶಿವನ ಪೂಜೆಗೆ ಅಂತ ದಿನಾ ಕಿತ್ತು ತರ್ತೀನಿ ಸಾರ್. ಇದಕ್ಕೆ ಬಾಯಿ ಇದೆ ಅಂತ ಗೊತ್ತೇ ಇರ್ಲಿಲ್ಲ’ ಎಂದರು.

ಪಕ್ಕದಲ್ಲೇ ಟ್ರೈಡ್ಯಾಕ್ಸ್ ಇತ್ತು. ಗಾಯವಾದಾಗ ಹಳ್ಳಿಯಲ್ಲಿ ರಸ ಹಿಂಡುತ್ತಾರಲ್ಲ, ಆ ಸೊಪ್ಪು. ಅಮೆರಿಕದ ಉಷ್ಣವಲಯದಿಂದ ಬಂದು ಇಲ್ಲಿ ಎಲ್ಲೆಡೆ ನೆಲೆಸಿದ ಗಿಡ. ಒಂದು ಹೂವೆಂದು ನಾವು ತಿಳಿಯುವುದು ನಿಜವಾಗಿ ಹತ್ತಾರು ಹೂವುಗಳ ಗೊಂಚಲು. ಅಂಚಿನ ಬಿಳಿ ಎಸಳುಗಳು ಒಂದೊಂದೂ ಒಂದು ಹೂವು. ನಡುವಿನ ಹಳದಿ ಚುಕ್ಕಿಗಳೂ ಒಂದೊಂದು ಹೂವು. ಹೊರಗಿನ ಸಾಲು ಮೊದಲು ಅರಳಿ, ಒಳಗಿನವು ಇನ್ನೂ ಮೊಗ್ಗಾಗಿರುವುದನ್ನು ಮಕ್ಕಳು ಚಿತ್ರದಲ್ಲಿ ತಾವೇ ಕಂಡುಕೊಂಡರು.

ಅಷ್ಟರಲ್ಲಿ ಕೋತಿಯೊಂದು ಬಂದು ಚಿತ್ರಾನ್ನದ ಚೀಲವನ್ನೇ ಎತ್ತಿಕೊಂಡು ಹೋಯಿತು. ದೇವರಾಯನದುರ್ಗಕ್ಕೆ ಹೋಗುವವರು ಇದನ್ನು ಮರೆಯಬಾರದು. ತಿಂಡಿಯನ್ನು ಕೈಯಲ್ಲಿ ಹಿಡಿಯಬೇಡಿ, ಮೊಬೈಲನ್ನು ನೆಲದ ಮೇಲೆ ಇಡಬೇಡಿ.

ಒಂದು ಮಿಲಿಮೀಟರಿನ ಲೋಕ

ಮೊದಮೊದಲು ಎಲ್ಲರ ಚಿತ್ರಗಳೂ ಮಸುಕಾಗಿಯೇ ಬರುತ್ತವೆ. ಎದೆಗುಂದಬೇಕಿಲ್ಲ, ಅದಕ್ಕೆ ಕಾರಣವಿದೆ. ವಸ್ತುವಿಗೆ ಹತ್ತಿರವಾದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕಡಿಮೆಯಾಗುತ್ತದೆ. 35 ಮಿಲಿಮೀಟರ್ ಫಿಲ್ಮಿನ ಅಳತೆಯ ಸಂವೇದಕವಿರುವ ಕ್ಯಾಮರಾದಲ್ಲಿ ಒಂದಕ್ಕೊಂದು ಅನುಪಾತದ ಚಿತ್ರ ತೆಗೆಯುವಾಗ, ಎಫ್/8 ದ್ವಾರದಲ್ಲಿ ಸ್ಪಷ್ಟವಾಗಿರುವ ಆಳ ಹೆಚ್ಚುಕಡಿಮೆ ಒಂದೇ ಒಂದು ಮಿಲಿಮೀಟರ್. ಇರುವೆಯ ಕಣ್ಣು ಸ್ಪಷ್ಟವಾದರೆ ಹೊಟ್ಟೆ ಮಸುಕು. ಎಫ್/16 ಇಟ್ಟರೆ ಎರಡು ಮಿಲಿಮೀಟರ್ ಸಿಗುತ್ತದೆ, ಆದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಮೊಬೈಲಿನ ಸಂವೇದಕ ಬಹಳ ಚಿಕ್ಕದಾದ್ದರಿಂದ ಅದರಲ್ಲಿ ಈ ಆಳ ಹೆಚ್ಚು. ಹೊಸಬರಿಗೆ ಇದೊಂದು ಅನುಕೂಲ.

ಆದ್ದರಿಂದ ಮೂರು ಅಭ್ಯಾಸಗಳನ್ನು ಮಾಡಿಸಿದೆ. ಮೊದಲನೆಯದು, ಕೀಟವಾದರೆ ಕಣ್ಣಿಗೆ ಫೋಕಸ್ ಮಾಡುವುದು. ಕಣ್ಣು ಸ್ಪಷ್ಟವಾಗಿದ್ದರೆ ಉಳಿದದ್ದು ಮಸುಕಾದರೂ ನಡೆಯುತ್ತದೆ. ಎರಡನೆಯದು, ಲೆನ್ಸನ್ನು ತಿರುಗಿಸುವ ಬದಲು ಉಸಿರು ಹಿಡಿದು, ಮೊಣಕೈಯನ್ನು ಮಂಡಿಗೆ ಊರಿ, ಮೈಯನ್ನೇ ಕೂದಲೆಳೆಯಷ್ಟು ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ನಾಲ್ಕಾರು ಚಿತ್ರ ತೆಗೆಯುವುದು. ಮೂರನೆಯದು, ಕೀಟದ ಮೈ ಉದ್ದಕ್ಕೆ ಸಮಾಂತರವಾಗಿ ಕ್ಯಾಮರಾ ಹಿಡಿಯುವುದು. ಆಗ ತಲೆಯಿಂದ ಬಾಲದವರೆಗೆ ಒಂದೇ ಸಮತಲದಲ್ಲಿ ಬಂದು ಇಡೀ ಮೈ ಸ್ಪಷ್ಟವಾಗುತ್ತದೆ.

ಬೆಳಕಿಗೆ ದುಬಾರಿ ಸಾಮಾನು ಬೇಡ. ನೋಟ್‌ಪುಸ್ತಕದ ಬಿಳಿ ಹಾಳೆಯನ್ನು ನೆರಳಿನ ಬದಿಗೆ ಹಿಡಿದರೆ ಬೆಳಕು ಪ್ರತಿಫಲಿಸಿ ಕತ್ತಲಾದ ಭಾಗ ತಿಳಿಯಾಗುತ್ತದೆ. ಬಿಸಿಲು ಜೋರಾದರೆ ಟ್ರೇಸಿಂಗ್ ಹಾಳೆಯನ್ನು ಮೇಲೆ ಅಡ್ಡ ಹಿಡಿಯಿರಿ. ಗಾಳಿಗೆ ಹೂವು ಅಲುಗಾಡಿದರೆ, ಅದರ ಮೇಲೆ ಕೀಟವಿಲ್ಲದಿದ್ದಲ್ಲಿ, ದಂಟನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಹಿಡಿದುಕೊಳ್ಳಬಹುದು. ಕೀಟವಿದ್ದರೆ ಗಾಳಿ ನಿಲ್ಲುವವರೆಗೆ ಕಾಯಬೇಕು. ಮುಂದೆ ಆಸಕ್ತಿ ಬೆಳೆದು, ಕೈಯಲ್ಲಿ ಹಣವೂ ಇದ್ದು, ಕ್ಯಾಮರಾ ಕೊಳ್ಳುವುದಾದರೆ 90ರಿಂದ 105 ಮಿಲಿಮೀಟರಿನ ಮ್ಯಾಕ್ರೋ ಲೆನ್ಸ್ ಕೀಟಗಳಿಗೆ ಒಳ್ಳೆಯದು. ಕೀಟವನ್ನು ಬೆದರಿಸದಷ್ಟು ದೂರದಲ್ಲಿ ನಿಂತೇ ಚಿತ್ರ ತೆಗೆಯಬಹುದು. ಆದರೆ ಮೊದಲ ವರ್ಷ ಬೇಡ. ಒಂದು ವರ್ಷ ಮೊಬೈಲಿನಲ್ಲಿ ಕಾಯಲು ಕಲಿತವರಿಗೆ ಲೆನ್ಸು ಉಪಯೋಗಕ್ಕೆ ಬರುತ್ತದೆ.

ದಾರದಲ್ಲಿ ನೇತಾಡಿದ ಇರುವೆ

ಒಂಬತ್ತು ಗಂಟೆಯ ಹೊತ್ತಿಗೆ ಮಾವಿನ ಮರವೊಂದರ ತಗ್ಗು ಕೊಂಬೆಯಲ್ಲಿ ಕೆಂಪಿರುವೆಗಳ ಗೂಡು ಕಂಡಿತು. ಮಲೆನಾಡಿನವರು ಚಗಳಿ ಎನ್ನುವ ಇರುವೆ ಇದೇ. ಇವು ಎಲೆಗಳನ್ನು ಎಳೆದು ಒಂದಕ್ಕೊಂದು ಸೇರಿಸಿ, ತಮ್ಮ ಮರಿಗಳನ್ನು ಬಾಯಲ್ಲಿ ಹಿಡಿದು, ಮರಿಗಳು ಬಿಡುವ ರೇಷ್ಮೆಯಿಂದ ಹೊಲಿಯುತ್ತವೆ. ದೂರ ನಿಂತು ನೋಡಿ ಎಂದು ಮಕ್ಕಳಿಗೆ ಹೇಳಿದೆ. ಕಚ್ಚಿದ ಜಾಗಕ್ಕೆ ಫಾರ್ಮಿಕ್ ಆಮ್ಲ ಚಿಮ್ಮಿಸುವ ಜಾತಿ.

ಅದೇ ಹುಡುಗಿ ಗೂಡಿನಿಂದ ಸ್ವಲ್ಪ ಆಚೆಯ ಎಲೆಯ ಮೇಲಿದ್ದ ಒಂಟಿ ಇರುವೆಯನ್ನು ಹಿಂಬಾಲಿಸುತ್ತಿದ್ದಳು. ಮೊಬೈಲು ತುಸು ಹತ್ತಿರವಾಯಿತೇನೋ, ಅದು ಎಲೆಯಿಂದ ಜಾರಿ ಬಿತ್ತು. ಬಿದ್ದದ್ದು ನೆಲಕ್ಕಲ್ಲ.

‘ಸಾರ್, ಇಲ್ಲಿ ಬನ್ನಿ. ಇರುವೆ ದಾರದಲ್ಲಿ ನೇತಾಡ್ತಾ ಇದೆ!’

ನಾನು ಹೋಗಿ ನೋಡುವಷ್ಟರಲ್ಲಿ ಅದು ದಾರ ಹತ್ತಿ ಎಲೆಯ ಅಡಿಗೆ ಸೇರಿತ್ತು. ಇರುವೆಗೆ ದಾರ ಬಿಡಲು ಬರುವುದಿಲ್ಲ. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಚಿತ್ರ ಬೇಕೇ ಬೇಕು. ಆದರೆ ಆ ಪ್ರಾಣಿ ಒಂದು ಕ್ಷಣ ಕೂತಲ್ಲಿ ಕೂರುತ್ತಿರಲಿಲ್ಲ. ಬಿಸಿಲೂ ಏರಿತ್ತು.

ಎಂಟನೇ ತರಗತಿಯ ಹುಡುಗನೊಬ್ಬ ಉಪಾಯ ಹೇಳಿದ. ‘ಸಾರ್, ಡಬ್ಬೀಲಿ ಹಾಕಿ ಐಸ್ ನೀರಿನ ಬಾಟ್ಲಿಗೆ ಒತ್ತಿ ಇಡೋಣ. ಹತ್ತು ನಿಮಿಷಕ್ಕೆ ಅಲ್ಲಾಡದೆ ಬಿದ್ಕೊಳ್ಳತ್ತೆ. ಆಮೇಲೆ ಎಲೆ ಮೇಲಿಟ್ಟು ಆರಾಮಾಗಿ ತೆಗೀಬಹುದು. ವಿಡಿಯೋದಲ್ಲಿ ನೋಡಿದೀನಿ.’

ಎಲ್ಲರೂ ನನ್ನ ಮುಖ ನೋಡಿದರು. ಆ ಹುಡುಗಿಯೂ ನೋಡಿದಳು. ಬೇಡ ಎಂದು ಗದರಿಸಿ ಸುಮ್ಮನಾಗಬಹುದಿತ್ತು. ಮೇಷ್ಟ್ರಾದವನಿಗೆ ಆ ಅನುಕೂಲ ಇದ್ದೇ ಇದೆ. ಆದರೆ ಅವಳ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿರಲಿಲ್ಲ.

ಮಕ್ಕಳನ್ನು ಮರದ ನೆರಳಿನಲ್ಲಿ ಕೂರಿಸಿಕೊಂಡು ಹೇಳಿದೆ. 2003ರಲ್ಲಿ ಪ್ರದರ್ಶನಕ್ಕೆ ಚಿತ್ರ ಕಳಿಸಲು ಎರಡೇ ದಿನ ಉಳಿದಿತ್ತು. ರೋಲಿನಲ್ಲಿ ಆರು ಚಿತ್ರ ಬಾಕಿ. ಹಿತ್ತಲಿನ ಎಕ್ಕದ ಗಿಡಕ್ಕೆ ಬರುತ್ತಿದ್ದ ಚಿಟ್ಟೆಯನ್ನು ಸಂಜೆ ಹಿಡಿದು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಪಕ್ಕದ ಮನೆಯವರ ಫ್ರಿಜ್ಜಿನಲ್ಲಿ ಇಟ್ಟೆ. ಅರ್ಧ ಗಂಟೆ ಎಂದುಕೊಂಡಿದ್ದೆ, ಬೆಳಗಿನವರೆಗೆ ಉಳಿಯಿತು. ಮರುದಿನ ಹೊರತೆಗೆದು ಹೂವಿನ ಮೇಲೆ ಕೂರಿಸಿದೆ. ಅದು ಕೂರಲಿಲ್ಲ, ನಾನು ಇಟ್ಟೆ. ಇಡುವಾಗ ಒಂದು ಕಾಲು ಮುರಿಯಿತು. ಮೇಲೆ ನೀರು ಚಿಮುಕಿಸಿ ಇಬ್ಬನಿಯಂತೆ ಕಾಣಿಸಿದೆ. ಆರು ಚಿತ್ರ ತೆಗೆದು ಒಳಗೆ ಹೋಗಿ ಕಾಫಿ ಕುಡಿದು ಬಂದೆ. ಬಿಸಿಲು ಬಂದ ಮೇಲೆ ಹಾರಿಹೋಗುತ್ತದೆ ಎಂದು ನಂಬಿದ್ದೆ. ಮಧ್ಯಾಹ್ನ ಇರುವೆಗಳು ಅದನ್ನು ಎಳೆದುಕೊಂಡು ಹೋಗುತ್ತಿದ್ದವು.

‘ಅದಕ್ಕೇ ಕಾಲು ಗಾಳೀಲಿತ್ತು’ ಎಂದಳು ಹುಡುಗಿ. ಬೈಯುವ ಧ್ವನಿಯಿರಲಿಲ್ಲ. ಲೆಕ್ಕ ಸರಿಹೋದಾಗ ಮಕ್ಕಳು ಮಾತಾಡುತ್ತಾರಲ್ಲ, ಹಾಗಿತ್ತು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವಳ ತಂದೆ, ‘ಈಗೇನು ಮಾಡೋದು ಸಾರ್?’ ಎಂದರು. ‘ಕಾಯೋದು’ ಎಂದೆ. ಅಲ್ಲಿಯೇ ನನಗೆ ಒಂದು ವಿಷಯ ಹೊಳೆಯಿತು. ಚಿಟ್ಟೆಯನ್ನು ತಣ್ಣಗಾಗಿಸಲು ಫ್ರಿಜ್ ಬೇಕಿರಲಿಲ್ಲ. ಬೆಳಗಿನ ಜಾವ ಹಿತ್ತಲೇ ಅದನ್ನು ತಣ್ಣಗೆ ಇಟ್ಟಿರುತ್ತಿತ್ತು. ಇಬ್ಬನಿಯೂ ಇರುತ್ತಿತ್ತು. ಎದ್ದು ಹೋಗಬೇಕಾಗಿದ್ದವನು ನಾನು ಮಾತ್ರ.

ನಲವತ್ತು ನಿಮಿಷ ಕಾದೆವು. ಸದ್ದಿಲ್ಲದೆ ಕೂತರೆ ಹುಳುಗಳಿಗೂ ನಮ್ಮ ಇರವು ಅಭ್ಯಾಸವಾಗುತ್ತದೆ. ಅದು ಎಲೆಯ ಮೇಲಕ್ಕೆ ಬಂತು. ಹುಡುಗಿ ಮೊಣಕೈ ಊರಿ, ಉಸಿರು ಹಿಡಿದು ಒಂಬತ್ತು ಚಿತ್ರ ತೆಗೆದಳು. ಎಂಟು ಮಸುಕು. ಒಂದರಲ್ಲಿ ತಲೆ ಮತ್ತು ಎದೆ ಸುಮಾರಾಗಿ ಸ್ಪಷ್ಟ. ಎಲ್ಲರೂ ತಲೆಗೆ ತಲೆ ಹಚ್ಚಿ ಕಾಲು ಎಣಿಸಿದೆವು. ಎಂಟು. ಇರುವೆಯ ಮೀಸೆಯಂತೆ ಮೇಲೆತ್ತಿ ಆಡಿಸುತ್ತಿದ್ದದ್ದು ಮುಂದಿನ ಜೊತೆ ಕಾಲು. ಮುಖದಲ್ಲಿ ಎದುರಿಗೇ ಎರಡು ದೊಡ್ಡ ದುಂಡು ಕಣ್ಣುಗಳು. ಅದು ಇರುವೆಯೇ ಅಲ್ಲ, ಇರುವೆಯ ವೇಷ ಹಾಕಿದ ಜೇಡ. ನೆಗೆಯುವ ಜೇಡಗಳ ಕುಟುಂಬದಲ್ಲಿ ಮಿರ್ಮರಾಕ್ನೆ ಎಂಬ ಗುಂಪಿನದು. ಕೆಂಪಿರುವೆಯ ಕಡಿತಕ್ಕೆ ಹೆದರಿ ಅದನ್ನು ಮುಟ್ಟದ ಶತ್ರುಗಳು, ಅದರಂತೆಯೇ ಕಾಣುವ ಈ ಜೇಡವನ್ನೂ ಬಿಟ್ಟುಬಿಡುತ್ತವೆ. ವೇಷ ಬಣ್ಣದಲ್ಲಿ ಮಾತ್ರವಲ್ಲ, ನಡಿಗೆಯಲ್ಲೂ ಇದೆ.

ಐಸಿನ ಉಪಾಯ ಹೇಳಿದ ಹುಡುಗನೇ ಆಗ ಹೇಳಿದ: ‘ಡಬ್ಬೀಲಿ ಹಾಕಿದ್ರೆ ಕಾಲು ಮಡಚ್ಕೊಂಡು ಬಿದ್ದಿರ್ತಿತ್ತು ಸಾರ್. ಮೀಸೆ ಆಡಿಸೋದು ಗೊತ್ತೇ ಆಗ್ತಿರ್ಲಿಲ್ಲ.’ ನಾನು ಇಪ್ಪತ್ತು ವರ್ಷದಲ್ಲಿ ಹೇಳಲಾಗದ್ದನ್ನು ಅವನು ಎರಡು ವಾಕ್ಯದಲ್ಲಿ ಹೇಳಿದ್ದ. ಜೀವಕ್ಕೆ ನೋವು ಕೊಡಬಾರದೆಂಬುದು ಒಂದು ಮಾತಾದರೆ, ನೋವು ಕೊಟ್ಟು ತೆಗೆದ ಚಿತ್ರ ಸುಳ್ಳು ಹೇಳುತ್ತದೆಂಬುದು ಇನ್ನೊಂದು. ನನ್ನ ಬಹುಮಾನದ ಚಿಟ್ಟೆ ಹೂವಿನ ಮೇಲೆ ಕೂರುವ ರೀತಿಯನ್ನು ತೋರಿಸಲಿಲ್ಲ. ಒಂದು ಚಿಟ್ಟೆಯನ್ನು ಹೂವಿನ ಮೇಲೆ ಇಟ್ಟರೆ ಹೇಗೆ ಕಾಣುತ್ತದೆ ಎಂಬುದನ್ನಷ್ಟೇ ತೋರಿಸಿತು.

ಹೊರಡುವ ಮುನ್ನ

ಮಕ್ಕಳನ್ನು ಕರೆದುಕೊಂಡು ಹೋಗುವ ಪೋಷಕರಿಗೆ ಕೆಲವು ಮಾತು. ಪೂರ್ತಿ ತೋಳಿನ ಅಂಗಿ, ಬೂಟು ಇರಲಿ. ಕಲ್ಲಿನ ಸಂದಿಗೆ, ಪೊದೆಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ ನೋಡಿ. ಹಾವು, ಚೇಳು ಇದ್ದೀತು. ಕಂಬಳಿಹುಳವನ್ನು ಮುಟ್ಟುವುದು ಬೇಡ. ಹೆಜ್ಜೇನು, ಕಣಜದ ಗೂಡಿನ ಹತ್ತಿರ ಹೋಗುವುದೂ ಬೇಡ, ಫ್ಲ್ಯಾಷ್ ಹಾಕುವುದೂ ಬೇಡ. ಕಾಡಿನಲ್ಲಿ ಕಾಲುದಾರಿ ಬಿಟ್ಟು ಇಳಿಯಬೇಡಿ. ಒಂದು ಹೂವಿನ ಚಿತ್ರಕ್ಕಾಗಿ ಹತ್ತು ಸಸಿ ತುಳಿದರೆ ಏನು ಬಂತು? ಚಿಟ್ಟೆ ಹಿಡಿಯುವುದು ಮಕ್ಕಳಾಟವೆಂದು ಸುಮ್ಮನಿರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗಳಲ್ಲಿ ಕೆಲವು ಚಿಟ್ಟೆಗಳೂ ಇವೆ.

ಮಕ್ಕಳಿಗೆ ಹೇಳುವುದು ಒಂದೇ. ಚಿತ್ರದ ಜೊತೆಗೆ ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ. ದಿನಾಂಕ, ಸಮಯ, ಜಾಗ, ಯಾವ ಗಿಡ, ಅಲ್ಲಿ ಅದು ಏನು ಮಾಡುತ್ತಿತ್ತು, ಇಷ್ಟನ್ನು ಬರೆಯಿರಿ. ಇಷ್ಟು ವಿವರವಿದ್ದರೆ ಮಸುಕಾದ ಚಿತ್ರವೂ ವಿಜ್ಞಾನಕ್ಕೆ ಉಪಯೋಗಕ್ಕೆ ಬರುತ್ತದೆ. ಬೆಟ್ಟಕ್ಕೇ ಹೋಗಬೇಕೆಂದೇನೂ ಇಲ್ಲ. ಕರಿಬೇವಿನ ಗಿಡ, ನಿಂಬೆ ಗಿಡ, ಶಾಲೆಯ ಕಾಂಪೌಂಡಿನ ತುಂಬೆ, ಮುಟ್ಟಿದರೆ ಮುನಿ, ಎಲ್ಲಿಂದ ಬೇಕಾದರೂ ಆರಂಭಿಸಬಹುದು. ಒಂದೇ ಗಿಡವನ್ನು ಒಂದು ತಿಂಗಳು, ದಿನಕ್ಕೆ ಹತ್ತು ನಿಮಿಷ ನೋಡಿದರೆ, ಹತ್ತು ಊರು ಸುತ್ತಿದರೂ ಸಿಗದಷ್ಟು ಸಿಗುತ್ತದೆ.

ಶಾಲೆ ಶುರುವಾದ ಮೇಲೆ ಗೋಡೆಯ ಚಿತ್ರವನ್ನು ತೆಗೆದುಹಾಕೋಣ ಎಂದುಕೊಂಡೆ. ಮಕ್ಕಳು ಬೇಡ ಎಂದರು. ಈಗ ಪ್ರಶಸ್ತಿ ಪತ್ರ ಇದ್ದ ಜಾಗದಲ್ಲಿ ಒಂದು ಚೀಟಿ ಇದೆ: ‘ಈ ಚಿಟ್ಟೆಯನ್ನು ಫ್ರಿಜ್ಜಿನಲ್ಲಿ ಇಟ್ಟು ತೆಗೆದ ಚಿತ್ರ. ಹೀಗೆ ಮಾಡಬಾರದು.’ ಬರೆದವನು ನಾನೇ. ಪಕ್ಕದಲ್ಲಿ ಅಂಚು ಮಸುಕಾದ ಒಂದು ಜೇಡದ ಚಿತ್ರ, ಕೆಳಗೆ ದಿನಾಂಕ, ಸಮಯ, ಮಾವಿನ ಎಲೆ ಎಂಬ ವಿವರ, ಹುಡುಗಿಯ ಕೈಬರಹದಲ್ಲಿ.

ಮೊನ್ನೆ ಭಾನುವಾರ ಬೆಳಿಗ್ಗೆ ಆರು ಹತ್ತಕ್ಕೆ ನನ್ನ ಮೊಬೈಲಿಗೆ ಒಂದು ಚಿತ್ರ ಬಂತು. ಕಳಿಸಿದವರು ಆ ಹುಡುಗಿಯ ತಂದೆ. ಅಂಗಡಿಯ ಹಿಂದಿನ ಬೇಲಿಯ ಮೇಲೆ ಕೂತ ಯಾವುದೋ ಹಸಿರು ಹುಳ, ಮೈತುಂಬ ಇಬ್ಬನಿ. ‘ಸಾರ್, ಇದೇನು ಹುಳ?’ ಎಂದು ಕೇಳಿದ್ದರು.

‘ಕಾಲು ಎಣಿಸಿದ್ರಾ?’ ಎಂದು ಉತ್ತರ ಬರೆದೆ.